ಉಕ್ಕಿನ ದಣಿವು

ದಣಿವು, ಬಳಲಿಕೆ, ಆಯಾಸ — ಈ ಮಾತುಗಳೆಲ್ಲ ಹುಟ್ಟಿದ್ದು ಉಸಿರಾಡುವ ಜೀವಿಗಳನ್ನು ಕುರಿತು. ಉತ್ತು ಬಂದ ಎತ್ತು ದಣಿಯುತ್ತದೆ, ಹೊರೆ ಹೊತ್ತ ಆಳು ಬಳಲುತ್ತಾನೆ. ಆದರೆ ಎತ್ತು ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮೆಲುಕು ಹಾಕಿದರೆ ಮರುದಿನ ಮತ್ತೆ ನೊಗಕ್ಕೆ ಹೆಗಲು ಕೊಡುತ್ತದೆ. ಆಳು ಉಂಡು ಮಲಗಿ ಎದ್ದರೆ ಹೊಸ ಮನುಷ್ಯನಾಗುತ್ತಾನೆ. ದಣಿವಿನ ಬೆನ್ನಿಗೇ ಚೇತರಿಕೆಯೂ ಇರುವುದರಿಂದಲೇ ನಮ್ಮ ನುಡಿಯಲ್ಲಿ ಆ ಮಾತಿಗೆ ಒಂದು ಬಗೆಯ ಸಮಾಧಾನದ ಧ್ವನಿ ಸೇರಿಕೊಂಡಿದೆ. ಇದೇ ಮಾತನ್ನು ಎಂಜಿನಿಯರುಗಳು ಕಬ್ಬಿಣಕ್ಕೂ ಉಕ್ಕಿಗೂ ಅನ್ವಯಿಸತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಅವರು ಹೇಳುವ ದಣಿವು ಬೇರೆ ಬಗೆಯದು. ದಣಿದ ಉಕ್ಕು ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದಿಲ್ಲ. ತಾನು ಉಂಡ ಪೆಟ್ಟುಗಳನ್ನೆಲ್ಲ ಅದು ಒಳಗೇ ಇಟ್ಟುಕೊಂಡಿರುತ್ತದೆ. ಅವು ಒಂದು ಮಟ್ಟವನ್ನು ಮುಟ್ಟಿದ ದಿನ, ಹೊರಗಿನ ಕಣ್ಣಿಗೆ ಯಾವ ಸೂಚನೆಯನ್ನೂ ಕೊಡದೆ, ಮುರಿದು ಬೀಳುತ್ತದೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನು ಉಕ್ಕಿನ ಮಾತನ್ನೇಕೆ ಎತ್ತಿಕೊಂಡ ಎಂದು ಕೇಳುಗರು ಶಂಕಿಸಬಹುದು. ಕಾರಣ ಸರಳವಾದದ್ದು. ನಾವು ಓದಲು ಹಚ್ಚಿಕೊಳ್ಳುವ ದೀಪದ ಹಿಂದೆ ಎಲ್ಲೋ ಒಂದು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಇಂಥ ಉಕ್ಕು ಬೇಯುತ್ತಿರುತ್ತದೆ. ಅದರ ಬಾಳು ಈಚಿನ ವರ್ಷಗಳಲ್ಲಿ ಹಿಂದಿಗಿಂತ ಕಷ್ಟದ್ದಾಗಿದೆ. ಏಕೆ ಹಾಗಾಯಿತು ಎಂಬುದನ್ನು ಅರಿಯಲು ಲೋಹಶಾಸ್ತ್ರದ ಪದವಿಯೇನೂ ಬೇಕಿಲ್ಲ. ಕೊಂಚ ತಾಳ್ಮೆಯಿದ್ದರೆ ಸಾಕು.

ಲೋಹವೂ ದಣಿಯುತ್ತದೆಂಬ ತಿಳಿವಳಿಕೆ ಮೊದಲು ಬಂದದ್ದು ಗಣಿಗಳಿಂದ ಮತ್ತು ರೈಲುಗಳಿಂದ. ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಗಣಿಗಳಲ್ಲಿ ಅದಿರನ್ನು ಮೇಲೆತ್ತುವ ಕಬ್ಬಿಣದ ಸರಪಳಿಗಳು ವರ್ಷಗಟ್ಟಲೆ ಅದೇ ಭಾರವನ್ನು ಹೊತ್ತು, ಒಂದು ದಿನ ಅದೇ ಭಾರಕ್ಕೆ ಕಡಿದುಹೋಗುತ್ತಿದ್ದವು. ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 1829ರ ಸುಮಾರಿಗೆ ಇದನ್ನು ಪರೀಕ್ಷೆಗೆ ಒಡ್ಡಿದ. ಸರಪಳಿಯ ಮೇಲೆ ಭಾರವನ್ನು ಸಾವಿರಾರು ಸಲ ಹೇರಿ ಇಳಿಸಿ ನೋಡಿದ. ಸರಪಳಿಗೆ ಬದಲಾಗಿ ತಂತಿಗಳನ್ನು ಹೊಸೆದು ಮಾಡಿದ ಹಗ್ಗವನ್ನು 1834ರಲ್ಲಿ ಬಳಕೆಗೆ ತಂದವನೂ ಅವನೇ.

ಆದರೆ ಜಗತ್ತು ಬೆಚ್ಚಿ ಎಚ್ಚೆತ್ತದ್ದು 1842ರ ಮೇ 8ರಂದು. ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ನಡುದಾರಿಯಲ್ಲಿ ಮುರಿಯಿತು. ಹಿಂದಿನ ಗಾಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹೊತ್ತಿ ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಆಮೇಲೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಔಗುಸ್ಟ್ ವ್ಯೋಲರ್ 1850ರ ದಶಕದಿಂದ 1870ರವರೆಗೆ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ. ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ, ತುದಿಗೆ ಭಾರ ತೂಗುಬಿಟ್ಟು, ಮುರಿಯುವವರೆಗೆ ತಿರುಗಿಸುತ್ತ ಸುತ್ತುಗಳನ್ನು ಎಣಿಸಿದ. ಅವನಿಗೆ ಕಂಡ ಸಂಗತಿಗಳು ಮುಖ್ಯವಾಗಿ ಮೂರು. ಒಂದೇ ಸಲಕ್ಕೆ ಹೇರಿದರೆ ಏನೂ ಮಾಡಲಾರದ ಭಾರವು ಮತ್ತೆಮತ್ತೆ ಬಂದರೆ ಉಕ್ಕನ್ನು ಮುರಿಯಬಲ್ಲದು. ಭಾರ ಕಡಿಮೆಯಾದಂತೆ ತಾಳಿಕೆಯ ಸುತ್ತುಗಳು ಹೆಚ್ಚುತ್ತವೆ. ಒಂದು ಮಿತಿಯ ಕೆಳಗೆ ಇಳಿದರೆ ಉಕ್ಕು ಎಷ್ಟು ತಿರುಗಿಸಿದರೂ ಮುರಿಯದಂತೆ ತೋರುತ್ತದೆ. ಈ ಮೂರನೆಯ ಮಾತು ಎಂಜಿನಿಯರುಗಳಿಗೆ ದೊಡ್ಡ ಆಸರೆಯಾಯಿತು. ಆ ಮಿತಿಯೊಳಗೆ ಉಳಿದರೆ ಯಂತ್ರ ಚಿರಕಾಲ ಬಾಳೀತೆಂದು ಅವರು ನಂಬಿದರು. ಮುಂದೆ ಬಿಸಿಯ ಜಗತ್ತಿಗೆ ಕಾಲಿಟ್ಟಾಗ ಈ ಆಸರೆಯೂ ಕೈಬಿಟ್ಟಿತು. ಅದನ್ನು ಆಮೇಲೆ ನೋಡೋಣ.

ಲೋಹದ ಒಳಗೆ ನಡೆಯುವುದೇನು? ತಂತಿಯ ತುಂಡೊಂದನ್ನು ಬೆರಳಲ್ಲಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಿ ಮುರಿಯದ ಹುಡುಗರಿಲ್ಲ. ಒಂದೇ ಸಲ ಎಳೆದು ಅದನ್ನು ಕಡಿಯಲು ಪೈಲ್ವಾನನಿಗೂ ಆಗದು, ಹತ್ತು ಸಲ ಬಗ್ಗಿಸಿದರೆ ಮಗುವಿನ ಕೈಯಲ್ಲೂ ತುಂಡಾಗುತ್ತದೆ. ಇಂಗ್ಲೆಂಡಿನ ಯೂಯಿಂಗ್ ಮತ್ತು ಹಂಫ್ರಿ ಎಂಬ ವಿಜ್ಞಾನಿಗಳು 1903ರಲ್ಲಿ ಇದರ ಗುಟ್ಟನ್ನು ಸೂಕ್ಷ್ಮದರ್ಶಕದಡಿ ಕಂಡರು. ಲೋಹವೆಂಬುದು ಕಣಕಣಗಳಾಗಿ ಕೂಡಿದ ವಸ್ತು. ಪ್ರತಿ ಕಣದಲ್ಲೂ ಪರಮಾಣುಗಳು ಇಸ್ಪೀಟಿನ ಎಲೆಗಳ ಕಟ್ಟಿನಂತೆ ಪದರಪದರವಾಗಿ ಕುಳಿತಿರುತ್ತವೆ. ಬಗ್ಗಿಸಿದಾಗ ಒಂದು ಪದರ ಇನ್ನೊಂದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಜಾರುತ್ತದೆ. ಹಿಂದಕ್ಕೆ ಬಗ್ಗಿಸಿದಾಗ ಅದು ಹಿಂದಿರುಗುತ್ತದೆ, ಆದರೆ ಇದ್ದ ಜಾಗಕ್ಕೆ ಸರಿಯಾಗಿ ಅಲ್ಲ. ಈ ಜಾರುಗೆರೆಗಳು ಮೇಲ್ಮೈಯಲ್ಲಿ ದಟ್ಟವಾಗುತ್ತ ಬಂದು, ಕಡೆಗೆ ಅವುಗಳಲ್ಲೊಂದು ಬಿರುಕಾಗಿ ಬಾಯಿಬಿಡುತ್ತದೆ. ಬಾವಿಕಟ್ಟೆಯ ಕಲ್ಲಿನ ಮೇಲೆ ಸೇದುವ ಹಗ್ಗ ಗೆರೆ ಕೊರೆದುದನ್ನು ಕಂಡವರಿಗೆ ಈ ಕ್ರಮ ಅಪರಿಚಿತವಲ್ಲ. ಬಿರುಕು ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ಮುಂದೆ ಸಾಗುತ್ತದೆ. ಮುರಿದ ಭಾಗವನ್ನು ನೋಡಿದರೆ, ಬೇಸಗೆಯಲ್ಲಿ ಕೆರೆಯ ನೀರು ಇಳಿಯುತ್ತ ಹೋದಂತೆ ದಂಡೆಯ ಮೇಲೆ ಉಳಿಯುವ ಗೆರೆಗಳಂತೆ, ಅದು ಬೆಳೆದುಬಂದ ಹಂತಗಳು ಕಾಣುತ್ತವೆ.

ಇಷ್ಟು ತಣ್ಣನೆಯ ಲೋಹದ ಕತೆ. ಇನ್ನು ವಿದ್ಯುತ್ ಕೇಂದ್ರದೊಳಕ್ಕೆ ಬರೋಣ. ಅಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಪುಡಿಮಾಡಿ ಬಾಯ್ಲರಿನ ಒಲೆಯಲ್ಲಿ ಉರಿಸುತ್ತಾರೆ. ಒಲೆಯ ಗೋಡೆಗಳೆಲ್ಲ ಕೊಳವೆಗಳೇ. ಅವುಗಳೊಳಗೆ ಹರಿಯುವ ನೀರು ಉಗಿಯಾಗಿ, ಆ ಉಗಿ ಮತ್ತಷ್ಟು ಕಾದು, ದಪ್ಪ ಕೊಳವೆಗಳ ಮೂಲಕ ಟರ್ಬೈನಿಗೆ ನುಗ್ಗಿ ಅದರ ಅಲಗುಗಳನ್ನು ತಿರುಗಿಸುತ್ತದೆ. ಹೀಗೆ ನುಗ್ಗುವ ಉಗಿಯ ಶಾಖ ಸಾಮಾನ್ಯವಾಗಿ 540 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಕತ್ತಲಲ್ಲಿಟ್ಟು ನೋಡಿದರೆ ಉಕ್ಕು ಮಸುಕಾಗಿ ಕೆಂಪೇರತೊಡಗುವ ಶಾಖ ಅದು. ಒತ್ತಡವೋ ನಾವು ಬದುಕುವ ಗಾಳಿಯ ಒತ್ತಡದ ನೂರೈವತ್ತು, ಇನ್ನೂರು ಪಟ್ಟು. ಕಮ್ಮಾರ ಕಬ್ಬಿಣವನ್ನು ಕಾಯಿಸುವುದು ಅದು ಮೆದುವಾಗಿ ಸುತ್ತಿಗೆಗೆ ಮಣಿಯಲೆಂದು. ಇಲ್ಲಿ ಅದೇ ಲೋಹ ಕಾದೂ ಮಣಿಯಬಾರದು.

ಇದಕ್ಕೆಂದೇ ಉಷ್ಣಸಹ ಉಕ್ಕುಗಳು ಹುಟ್ಟಿದವು. ಸಾಮಾನ್ಯ ಉಕ್ಕಿಗೆ ಕ್ರೋಮಿಯಂ ಬೆರೆಸಿದರೆ ಮೇಲೊಂದು ಬಿಗಿಯಾದ ಆಕ್ಸೈಡಿನ ಪೊರೆ ಕಟ್ಟಿ ತುಕ್ಕು ಒಳಕ್ಕಿಳಿಯದು. ಮಾಲಿಬ್ಡಿನಂ, ವನೇಡಿಯಂಗಳು ಸೇರಿದರೆ ಬಿಸಿಯಲ್ಲೂ ಬಲ ಉಳಿಯುತ್ತದೆ. ನೂರರಲ್ಲಿ ಎರಡೂಕಾಲು ಪಾಲು ಕ್ರೋಮಿಯಂ, ಒಂದು ಪಾಲು ಮಾಲಿಬ್ಡಿನಂ ಇರುವ ಉಕ್ಕು ಜಗತ್ತಿನ ಎಷ್ಟೋ ಬಾಯ್ಲರುಗಳನ್ನು ದಶಕಗಳ ಕಾಲ ಹೊತ್ತು ನಿಂತಿದೆ.

ಆದರೂ ಬಿಸಿಯಲ್ಲಿ ಉಕ್ಕಿಗೆ ಹೊಸದೊಂದು ದೌರ್ಬಲ್ಯ ಅಂಟಿಕೊಳ್ಳುತ್ತದೆ. ಒಂದೇ ಭಾರವನ್ನು ಹೊತ್ತು ಸುಮ್ಮನೆ ನಿಂತಿದ್ದರೂ ಅದು ಅತ್ಯಂತ ನಿಧಾನವಾಗಿ ಉದ್ದವಾಗುತ್ತ ಹೋಗುತ್ತದೆ. ಇದನ್ನು ಎಂಜಿನಿಯರುಗಳು ಕ್ರೀಪ್ ಎನ್ನುತ್ತಾರೆ. ನಾವು ತೆವಳಿಕೆ ಎನ್ನಬಹುದು. ತೆವಳಿಕೆ ಮುಂದುವರಿದಂತೆ ಲೋಹದ ಕಣಗಳ ಸಂದುಗಳಲ್ಲಿ ಸೂಕ್ಷ್ಮವಾದ ಪೊಳ್ಳುಗಳು ಹುಟ್ಟಿ, ಸಾಲುಗೂಡಿ, ಬಿರುಕಾಗುತ್ತವೆ. ಇದು ಎಷ್ಟು ನಿಧಾನದ ಕ್ರಿಯೆ ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಜಪಾನಿನ ರಾಷ್ಟ್ರೀಯ ಲೋಹ ಸಂಶೋಧನಾಲಯದಲ್ಲಿ ಕಾರ್ಬನ್ ಉಕ್ಕಿನ ಒಂದು ತುಂಡಿಗೆ 1969ರಲ್ಲಿ ಭಾರ ತೂಗುಬಿಟ್ಟು, ಬಿಸಿಯಲ್ಲಿಟ್ಟು, ಅಳೆಯಲಾರಂಭಿಸಿದರು. ಆ ಪರೀಕ್ಷೆ 2011ರವರೆಗೆ, ನಲವತ್ತು ವರ್ಷಕ್ಕೂ ಮೀರಿ ನಡೆಯಿತು. ಆರಂಭಿಸಿದವರು ನಿವೃತ್ತರಾಗಿ, ಅವರ ನಂತರದವರು ಬಂದು ಅದೇ ತುಂಡಿನ ಉದ್ದವನ್ನು ಬರೆದಿಟ್ಟರು. ಉಕ್ಕಿನ ಆಯುಷ್ಯವನ್ನು ಅರಿಯಲು ಮನುಷ್ಯನ ಒಂದು ಉದ್ಯೋಗಾವಧಿ ಸಾಲದು.

ಈವರೆಗೆ ಎರಡು ಶತ್ರುಗಳ ಪರಿಚಯವಾಯಿತು: ಮತ್ತೆಮತ್ತೆ ಬೀಳುವ ಪೆಟ್ಟಿನಿಂದ ಬರುವ ದಣಿವು, ಬಿಸಿಯಲ್ಲಿ ಎಡೆಬಿಡದೆ ಹೊರುವುದರಿಂದ ಬರುವ ತೆವಳಿಕೆ. ಟರ್ಬೈನಿನ ನಡುವಿನ ಉಕ್ಕಿನ ದಿಂಡು, ಅಂದರೆ ರೋಟರ್, ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ತನ್ನದೇ ತೂಕದಿಂದ ಕೊಂಚ ಬಾಗಿರುವ ಅದು ಪ್ರತಿ ಸುತ್ತಿಗೂ ಒಮ್ಮೆ ಎಳೆತ, ಒಮ್ಮೆ ಅದುಮು ಅನುಭವಿಸುತ್ತದೆ. ದಿನವೊಂದಕ್ಕೆ ಇದು 43 ಲಕ್ಷದ 20 ಸಾವಿರ ಸಲ. ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ಅಪಾಯವೆಲ್ಲ ಇಲ್ಲೇ ಇರಬೇಕೆನ್ನಿಸುತ್ತದೆ. ಆದರೆ ಈ ಬಾಗು ಬಹಳ ಚಿಕ್ಕದು, ವ್ಯೋಲರನ ಮಿತಿಯೊಳಗಿನದು. ಅದನ್ನು ರೋಟರ್ ಸಹಿಸಿಕೊಳ್ಳುತ್ತದೆ. ಅದನ್ನು ಕೊಲ್ಲುವ ಪೆಟ್ಟು ಬೇರೆಲ್ಲೋ ಇದೆ. ಅದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುತ್ತದೆ. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸುವ ಗಳಿಗೆಯೇ ಅದು.

ಬಿಸಿಯಾದ ಉಕ್ಕು ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಕೊಳವೆ 500 ಡಿಗ್ರಿ ಬಿಸಿಯೇರಿದರೆ ಸುಮಾರು 7 ಸೆಂಟಿಮೀಟರ್ ಉದ್ದವಾಗುತ್ತದೆ. ದೊಡ್ಡ ಬಾಯ್ಲರುಗಳನ್ನು ನೆಲದ ಮೇಲೆ ಕೂರಿಸದೆ ಮೇಲಿನ ತೊಲೆಗಳಿಂದ ತೂಗುಬಿಟ್ಟಿರುವುದು ಇದಕ್ಕಾಗಿಯೇ. ಒಲೆ ಹೊತ್ತಿಸಿದಾಗ ಇಡೀ ಬಾಯ್ಲರು ಸುಮಾರು ಒಂದು ಗೇಣಿನಷ್ಟು ಕೆಳಕ್ಕೆ ಬೆಳೆಯುತ್ತದೆ. ಹೀಗೆ ಬೆಳೆಯಲು ಎಡೆಯಿದ್ದರೆ ತೊಂದರೆಯಿಲ್ಲ. ಎಡೆಯಿಲ್ಲದಾಗ ತೊಂದರೆ. ದಪ್ಪ ಗಾಜಿನ ಲೋಟಕ್ಕೆ ಕುದಿಯುವ ನೀರನ್ನು ಒಮ್ಮೆಲೇ ಹೊಯ್ದರೆ ಫಟ್ಟೆಂದು ಒಡೆಯುತ್ತದೆ, ತೆಳುವಾದ ಲೋಟ ಎಷ್ಟೋ ವೇಳೆ ಉಳಿಯುತ್ತದೆ. ದಪ್ಪ ಗಾಜಿನ ಒಳಮೈ ಕಾದು ಹಿಗ್ಗಲು ನೋಡುತ್ತದೆ. ಇನ್ನೂ ತಣ್ಣಗಿರುವ ಹೊರಮೈ ಅದನ್ನು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಗಾಜು ಸೀಳುತ್ತದೆ. ದಪ್ಪ ಉಕ್ಕಿನ ಕೊಳವೆಯೊಳಕ್ಕೆ ಬಿಸಿ ಉಗಿ ನುಗ್ಗಿದಾಗ ಆಗುವುದೂ ಇದೇ. ಉಕ್ಕು ಗಾಜಿನಂತೆ ಕೂಡಲೇ ಒಡೆಯದೆ ಒಳಗೇ ಕೊಂಚ ನಲುಗುತ್ತದೆ, ಅಷ್ಟೆ. ಒಳಮೈಗೂ ಹೊರಮೈಗೂ 100 ಡಿಗ್ರಿ ವ್ಯತ್ಯಾಸ ಬಂದರೆ ಸಾಕು, ಅದರಿಂದೇಳುವ ಜಗ್ಗಾಟ ಆ ಉಕ್ಕಿನ ತಾಳಿಕೆಯ ಎಲ್ಲೆಯ ಹತ್ತಿರಕ್ಕೆ ಬರಬಹುದು. ಯಂತ್ರವನ್ನು ನಿಲ್ಲಿಸಿ ತಣಿಸುವಾಗ ಜಗ್ಗಾಟ ತಿರುವುಮುರುವಾಗುತ್ತದೆ. ಹೀಗೆ ಒಂದು ನಡೆಸುವಿಕೆ, ಒಂದು ನಿಲ್ಲಿಸುವಿಕೆ ಸೇರಿದರೆ ಅದು ತಂತಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಿದಂತೆ. ಗೋಡೆ ಎರಡರಷ್ಟು ದಪ್ಪವಾದರೆ, ಅದೇ ವೇಗದಲ್ಲಿ ಕಾಯಿಸಿದಾಗ, ಒಳಹೊರಗಿನ ವ್ಯತ್ಯಾಸ ನಾಲ್ಕರಷ್ಟಾಗುತ್ತದೆ. ಬಲಕ್ಕೆಂದು ಗೋಡೆಯನ್ನು ದಪ್ಪ ಮಾಡಿದವನು ಈ ಜಗ್ಗಾಟವನ್ನೂ ಬರಮಾಡಿಕೊಳ್ಳುತ್ತಾನೆ.

ಇಂಥ ದೊಡ್ಡ, ವಿರಳವಾದ ಪೆಟ್ಟುಗಳಿಗೆ ವ್ಯೋಲರನ ಮಿತಿ ಅನ್ವಯಿಸುವುದಿಲ್ಲ. ಇಲ್ಲಿ ಎಣಿಕೆ ಕೋಟಿಗಳಲ್ಲಲ್ಲ, ನೂರು ಸಾವಿರಗಳಲ್ಲಿ. ಅಮೆರಿಕದ ಕಾಫಿನ್ ಮತ್ತು ಮ್ಯಾನ್ಸನ್ 1950ರ ದಶಕದಲ್ಲಿ ಇದರ ಗಣಿತವನ್ನು ಪ್ರತ್ಯೇಕವಾಗಿ ಕಂಡುಕೊಂಡರು. ಪ್ರತಿಯೊಂದು ಆವರ್ತದಲ್ಲೂ ಉಕ್ಕು ಹಿಂದಿರುಗಲಾರದಂತೆ ಎಷ್ಟು ನಲುಗುತ್ತದೋ ಅದೇ ಅದರ ಆಯುಷ್ಯವನ್ನು ನಿರ್ಧರಿಸುತ್ತದೆಂಬುದು ಅವರ ಸೂತ್ರದ ತಿರುಳು.

ಬಿಸಿಯಲ್ಲಿ ಬಿಡುವು ಕೂಡ ಹಾನಿಯೇ ಎಂಬುದು ಈ ವಿಷಯದಲ್ಲಿ ನನಗೆ ಅತಿ ವಿಚಿತ್ರವಾಗಿ ತೋರಿದ ಸಂಗತಿ. ಪ್ರಯೋಗಶಾಲೆಯಲ್ಲಿ ಬಿಸಿ ಉಕ್ಕಿನ ತುಂಡನ್ನು ಎಳೆದು ಒತ್ತಿ, ಎಳೆದು ಒತ್ತಿ, ಎಷ್ಟು ಆವರ್ತಗಳಿಗೆ ಮುರಿಯುತ್ತದೆಂದು ನೋಡುತ್ತಾರೆ. ಇನ್ನೊಂದು ತುಂಡನ್ನು ಹಾಗೆಯೇ ಎಳೆದು, ಎಳೆದಿರುವಾಗಲೇ ಕೆಲವು ನಿಮಿಷ ತಡೆದು, ಆಮೇಲೆ ಒತ್ತುತ್ತಾರೆ. ತಡೆದು ನಿಂತ ತುಂಡು ಎಷ್ಟೋ ವೇಳೆ ಬೇಗ ಮುರಿಯುತ್ತದೆ. ನಿಂತ ಹೊತ್ತಿನಲ್ಲಿ ತೆವಳಿಕೆ ತನ್ನ ಕೆಲಸ ಮಾಡಿರುತ್ತದೆ. ಕೆಲವು ಕ್ರೋಮಿಯಂ ಉಕ್ಕುಗಳಲ್ಲಿ ಒತ್ತಿ ತಡೆದಾಗಿನ ಹಾನಿಯೇ ಹೆಚ್ಚು. ಆಗ ಮೇಲ್ಮೈಯ ಆಕ್ಸೈಡಿನ ಪೊರೆ ಬೆಳೆದಿದ್ದು, ಮರುಎಳೆತಕ್ಕೆ ಬಿರಿದು, ಆ ಬಿರುಕು ಲೋಹದೊಳಕ್ಕೆ ಇಳಿಯುತ್ತದೆ. ತುಕ್ಕನ್ನು ತಡೆಯಲೆಂದು ಬಂದ ಪೊರೆಯೇ ಬಿರುಕಿಗೆ ಬಾಗಿಲು ತೆರೆದಂತಾಯಿತು. ವಿದ್ಯುತ್ ಕೇಂದ್ರದ ಬಾಳು ಇಂಥದೇ: ಕಾಯುವುದು, ತಾಸುಗಟ್ಟಲೆ ಕಾದು ನಿಲ್ಲುವುದು, ತಣಿಯುವುದು. ದಣಿವು, ತೆವಳಿಕೆ, ತುಕ್ಕು ಮೂರೂ ಒಂದಾದಾಗ ಹಾನಿ ಅವುಗಳ ಮೊತ್ತಕ್ಕಿಂತ ಹೆಚ್ಚು. ಅಮೆರಿಕದ ಯಂತ್ರ ಎಂಜಿನಿಯರುಗಳ ಸಂಘವು ಬಿಸಿಯಲ್ಲಿ ಓಡುವ ಪರಮಾಣು ಯಂತ್ರಭಾಗಗಳಿಗೆ ಹಾಕಿಕೊಟ್ಟ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಸಾಮಾನ್ಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ದಣಿವಿನ ಖಾತೆಯಲ್ಲಿ ಶೇಕಡಾ 30, ತೆವಳಿಕೆಯ ಖಾತೆಯಲ್ಲಿ ಶೇಕಡಾ 30 ಖರ್ಚಾದೊಡನೆಯೇ ಆಯುಷ್ಯ ಮುಗಿಯಿತೆಂದು ಬಗೆಯಬೇಕು. ಸಾಮಾನ್ಯ ಗಣಿತದಲ್ಲಿ ಇನ್ನೂ ಶೇಕಡಾ 40 ಉಳಿದಿದೆ. ಉಕ್ಕಿನ ಗಣಿತದಲ್ಲಿ ಉಳಿದಿಲ್ಲ.

ಈ ಪಾಠಗಳನ್ನು ಜಗತ್ತು ಅಗ್ಗವಾಗಿ ಕಲಿಯಲಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಬಳಿ ಎಡ್ಡಿಸ್ಟೋನ್ ಎಂಬಲ್ಲಿ 1959-60ರಲ್ಲಿ ಒಂದು ಘಟಕ ಆರಂಭವಾಯಿತು. ಉಗಿ ಎಷ್ಟು ಬಿಸಿಯೋ ಇದ್ದಲಿನ ಉಳಿತಾಯ ಅಷ್ಟು ಎಂಬ ತತ್ತ್ವವನ್ನು ಹಿಡಿದು ಅದನ್ನು 649 ಡಿಗ್ರಿ ಶಾಖಕ್ಕೆ, ಗಾಳಿಯ ಒತ್ತಡದ 340 ಪಟ್ಟು ಒತ್ತಡಕ್ಕೆ ಕಟ್ಟಿದ್ದರು. ಅಷ್ಟು ಬಿಸಿಯನ್ನು ತಾಳಲು ಆಸ್ಟೆನೈಟ್ ಜಾತಿಯ ಸ್ಟೇನ್‌ಲೆಸ್ ಉಕ್ಕಿನ ಅತಿದಪ್ಪ ಕೊಳವೆಗಳು ಬೇಕಾದವು. ಆ ಉಕ್ಕಿಗೆ ಬಿಸಿಯಲ್ಲಿ ಬಲವಿದೆ. ಆದರೆ ಅದು ಸಾಮಾನ್ಯ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಶಾಖವನ್ನು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸಾಗಿಸುತ್ತದೆ. ದಪ್ಪ ಲೋಟದ ಎರಡು ಅವಗುಣಗಳೂ ಅದರಲ್ಲಿ ಕೂಡಿಬಂದವು. ಯಂತ್ರದ ಶಾಖವನ್ನು ಸುಮಾರು 610 ಡಿಗ್ರಿಗೆ ಇಳಿಸಬೇಕಾಯಿತು. ಹಾಗೆ ಇಳಿದೇ ಅದು 2011ರವರೆಗೆ ದುಡಿಯಿತು. ಆ ಅನುಭವದ ನಂತರ ಜಗತ್ತಿನ ಬಹುಪಾಲು ಕೇಂದ್ರಗಳು ದಶಕಗಳ ಕಾಲ 540 ಡಿಗ್ರಿಯ ಸುತ್ತಲೇ ಉಳಿದವು.

ಇನ್ನೊಂದು ಪಾಠ 1974ರ ಜೂನ್ ತಿಂಗಳಲ್ಲಿ ಅದೇ ದೇಶದ ಟೆನೆಸ್ಸಿ ರಾಜ್ಯದ ಗ್ಯಾಲಟಿನ್ ಕೇಂದ್ರದಲ್ಲಿ ಆದದ್ದು. ತಣ್ಣಗಿದ್ದ ಯಂತ್ರವನ್ನು ನಡೆಸಿ ವೇಗವೇರಿಸುತ್ತಿದ್ದಾಗ, ಪೂರ್ಣವೇಗವನ್ನು ಮುಟ್ಟುವ ಮೊದಲೇ, ಟರ್ಬೈನಿನ ರೋಟರ್ ಸಿಡಿದು ಚೂರಾಯಿತು. ಸುಮಾರು ಹದಿನೇಳು ವರ್ಷ, ಲಕ್ಷಕ್ಕೂ ಹೆಚ್ಚು ಗಂಟೆ, ಅದು ತಕರಾರಿಲ್ಲದೆ ದುಡಿದಿತ್ತು. ನಡೆಸಿ ನಿಲ್ಲಿಸಿದ್ದು ಒಟ್ಟು ಮುನ್ನೂರು ಸಲಕ್ಕೂ ಕಡಿಮೆ. ಚೂರುಗಳನ್ನು ಪರೀಕ್ಷಿಸಿದಾಗ, ಅಚ್ಚಿನ ನಡುರಂಧ್ರದ ಬಳಿ, ಉಕ್ಕನ್ನು ಎರಕ ಹೊಯ್ದಾಗಲೇ ಉಳಿದ ಗಂಧಕದ ಕಲ್ಮಶದ ಗುಂಪು ಕಂಡಿತು. ದಣಿವೂ ತೆವಳಿಕೆಯೂ ಕೂಡಿ ಅದನ್ನು ವರ್ಷವರ್ಷ ಬಿರುಕಾಗಿ ಬೆಳೆಸಿದ್ದವು. ಆಮೇಲೆ ರೋಟರುಗಳ ನಡುರಂಧ್ರಗಳನ್ನು ಶ್ರವಣಾತೀತ ಧ್ವನಿಯಿಂದ ತಪಾಸಣೆ ಮಾಡುವ, ವೇಗವೇರಿಸುವ ಮೊದಲು ರೋಟರನ್ನು ಬೆಚ್ಚಗೆ ಮಾಡಿಕೊಳ್ಳುವ ಪದ್ಧತಿಗಳಿಗೆ ಒತ್ತು ಬಂದಿತು.

ಇನ್ನು ಪರಿಹಾರದ ದಿಕ್ಕು. 1970ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ನೂರಕ್ಕೆ ಒಂಬತ್ತು ಪಾಲು ಕ್ರೋಮಿಯಂ, ಒಂದು ಪಾಲು ಮಾಲಿಬ್ಡಿನಂ ಇರುವ ಉಕ್ಕಿಗೆ ಚಿಟಿಕೆಯಷ್ಟು ವನೇಡಿಯಂ, ನಯೋಬಿಯಂ, ನೈಟ್ರೋಜನ್ ಬೆರೆಸಿ ಹೊಸ ಉಕ್ಕನ್ನು ರೂಪಿಸಿತು. ಇದಕ್ಕೆ ಗ್ರೇಡ್ 91 ಎಂದು ಹೆಸರು. ಇದರ ಬಲ ಹೆಚ್ಚಾದ್ದರಿಂದ ಕೊಳವೆಯ ಗೋಡೆ ತೆಳುವಾದರೂ ಸಾಕು. ಗೋಡೆ ತೆಳುವಾದರೆ ಜಗ್ಗಾಟವೂ ಕಡಿಮೆ. ಭಾರತದಲ್ಲೂ ಈ ಉಕ್ಕು ಚಿರಪರಿಚಿತ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದರ ದಣಿವನ್ನೂ ತೆವಳಿಕೆಯನ್ನೂ ದೀರ್ಘಕಾಲದಿಂದ ಅಭ್ಯಸಿಸುತ್ತ ಬಂದಿದ್ದಾರೆ. ಆದರೆ ಇದಕ್ಕೂ ಒಂದು ಮರ್ಮವಿದೆ. ಇದರ ಬಲವೆಲ್ಲ ಇರುವುದು ಲೋಹದ ಕಣಗಳೊಳಗೆ ಕಟ್ಟಿಕೊಂಡ ಅತಿಸೂಕ್ಷ್ಮ ಪಟ್ಟಿಗಳ ಹೆಣಿಗೆಯಲ್ಲಿ. ಬಿಸಿಯಲ್ಲಿ ಎಳೆದು ಒತ್ತುತ್ತ ಹೋದರೆ ಆ ಹೆಣಿಗೆ ಸಡಿಲಗೊಂಡು ಪಟ್ಟಿಗಳು ಅಗಲವಾಗುತ್ತವೆ, ಉಕ್ಕು ಮೆತ್ತಗಾಗುತ್ತದೆ. ಬೆಸುಗೆಯ ಪಕ್ಕದ ಕಿರಿದಾದ ಪಟ್ಟೆಯಲ್ಲಿ ಅದು ಹುಟ್ಟಿನಿಂದಲೇ ದುರ್ಬಲ. ಎಂದಿಗೂ ದಣಿಯದ ಉಕ್ಕನ್ನು ಇನ್ನೂ ಯಾರೂ ಮಾಡಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ 210 ಮೆಗಾವಾಟ್ ಘಟಕ 1985ರಲ್ಲಿ ಆರಂಭವಾಯಿತು. ಅಂಥ ಘಟಕಗಳನ್ನು ರೂಪಿಸಿದ ಕಾಲದ ಎಣಿಕೆ ಒಂದೇ: ಹೊತ್ತಿಸಿದ ಮೇಲೆ ತಿಂಗಳುಗಟ್ಟಲೆ ಒಂದೇ ಸಮನೆ ಉರಿಯಬೇಕು, ಏರಿಳಿತವನ್ನು ಶರಾವತಿಯ ನೀರು ನೋಡಿಕೊಳ್ಳುತ್ತದೆ. ಒಂದೇ ಸಮನೆ ಉರಿಯುವ ಯಂತ್ರಕ್ಕೆ ಮುಖ್ಯ ಶತ್ರು ತೆವಳಿಕೆ. ದಣಿವು ಅಪರೂಪದ ಅತಿಥಿ. ಕಾಲ ಬದಲಾಯಿತು. ಬಳ್ಳಾರಿ ಜಿಲ್ಲೆಯ ಕುಡತಿನಿ, ರಾಯಚೂರು ಬಳಿಯ ಯರಮರಸ್, ವಿಜಯಪುರ ಜಿಲ್ಲೆಯ ಕೂಡಗಿಗಳಲ್ಲಿ ಹೊಸ ದೊಡ್ಡ ಘಟಕಗಳು ಬಂದವು. ಜೊತೆಗೆ 2018ರಿಂದ ಪಾವಗಡದ ಬರಡು ನೆಲದ ಮೇಲೆ ಸೌರಫಲಕಗಳು ಹಾಸಿಕೊಂಡು 2000 ಮೆಗಾವಾಟ್ ಮೀರಿದ ಸಾಮರ್ಥ್ಯ ಬೆಳೆಯಿತು. ಗುಡ್ಡಗಳ ಮೇಲೆ ಗಾಳಿಯಂತ್ರಗಳೂ ನಿಂತವು. ಬಿಸಿಲು ಏರಿದ ಮಧ್ಯಾಹ್ನ ಸೂರ್ಯನ ವಿದ್ಯುತ್ತು ಧಾರಾಳ. ಮಳೆಗಾಲದಲ್ಲಿ ನೀರೂ ಗಾಳಿಯೂ ಧಾರಾಳ. ಆಗ ಕಲ್ಲಿದ್ದಲ ಘಟಕಕ್ಕೆ ತಗ್ಗು ಎನ್ನುತ್ತಾರೆ, ಇಲ್ಲವೇ ನಿಲ್ಲು ಎನ್ನುತ್ತಾರೆ. ಸಂಜೆ ಸೂರ್ಯ ಮುಳುಗಿ ಮನೆಮನೆಯ ದೀಪ ಹೊತ್ತಿದಾಗ ಬೇಗ ಏಳು ಎನ್ನುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2023ರಲ್ಲಿ ಹೊರಡಿಸಿದ ನಿಯಮಗಳು ಕಲ್ಲಿದ್ದಲ ಘಟಕಗಳು ತಮ್ಮ ಸಾಮರ್ಥ್ಯದ ಶೇಕಡಾ 40ರವರೆಗೂ ತಗ್ಗಿ ಓಡಬಲ್ಲವಾಗಬೇಕೆಂದು ವಿಧಿಸಿವೆ.

ಇದರಲ್ಲಿ ತಪ್ಪೇನೂ ಇಲ್ಲ. ಬಿಸಿಲಿನ ವಿದ್ಯುತ್ತನ್ನು ಚೆಲ್ಲಿ ಇದ್ದಲು ಸುಡುವುದು ಅವಿವೇಕ. ನಾನು ಹೇಳಬೇಕೆಂದಿರುವುದು ಬೇರೆ. ಹೀಗೆ ಏಳಿಸಿ ಮಲಗಿಸುವುದಕ್ಕೆ ಒಂದು ಬೆಲೆಯುಂಟು. ಆ ಬೆಲೆ ಆ ತಿಂಗಳ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ನೂರಾರು ಸಣ್ಣ ಕೊಳವೆಗಳು ಬಂದು ಕೂಡುವ ಹೆಡರ್ ಎಂಬ ದಪ್ಪ ಕೊಳವೆಯಲ್ಲಿ, ರಂಧ್ರಕ್ಕೂ ರಂಧ್ರಕ್ಕೂ ನಡುವೆ ಉಳಿದ ಕಿರಿದಾದ ಉಕ್ಕಿನ ಪಟ್ಟಿಯಲ್ಲಿ, ಅದು ಬಿರುಕಾಗಿ ಜಮೆಯಾಗುತ್ತದೆ. ಕವಾಟಗಳ ಮೂಲೆಗಳಲ್ಲಿ, ರೋಟರಿನ ಗಾಡಿಗಳಲ್ಲಿ, ಬೆಸುಗೆಗಳ ಪಕ್ಕದಲ್ಲಿ ಜಮೆಯಾಗುತ್ತದೆ. ವರ್ಷಗಳ ನಂತರ ಅದನ್ನು ತೆರುವವರು, ಇಂದು ಗುಂಡಿ ಒತ್ತಿದವರೇ ಆಗಿರಬೇಕೆಂದಿಲ್ಲ.

ಆ ಬೆಲೆ ಬರಿಯ ಹಣದ್ದೂ ಅಲ್ಲ. 1985ರ ಜೂನ್ 9ರಂದು ಅಮೆರಿಕದ ನೆವಾಡಾ ರಾಜ್ಯದ ಮೊಹಾವೆ ಕೇಂದ್ರದಲ್ಲಿ, ಬಿಸಿ ಉಗಿಯ ಕೊಳವೆಯೊಂದು ತನ್ನ ಉದ್ದದ ಬೆಸುಗೆಯ ಗುಂಟ ಸೀಳಿ 6 ಮಂದಿ ಕೆಲಸಗಾರರು ಸತ್ತರು. ಅಲ್ಲಿ ಮುಖ್ಯವಾಗಿ ಕೆಲಸ ಮಾಡಿದ್ದು ತೆವಳಿಕೆ. ಆದರೆ ದಣಿವಾಗಲಿ ತೆವಳಿಕೆಯಾಗಲಿ, ಉಗಿಯ ಕೊಳವೆಯ ಪಕ್ಕದಲ್ಲಿ ಪಾಳಿಯ ಮೇಲೆ ನಿಂತವನಿಗೆ ಎರಡೂ ಒಂದೇ.

ಹಾಗಾದರೆ ಏನು ಮಾಡಬೇಕು? ತಜ್ಞರು ಮಾಡುತ್ತಿರುವುದು ಮೂರು ಬಗೆ. ಮೊದಲನೆಯದು ನೋಡುವುದು. ಯಂತ್ರ ನಿಂತಾಗ ಕೊಳವೆಯ ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ತೊಳೆದು, ದ್ರಾವಕದಲ್ಲಿ ಮೆದುಗೊಳಿಸಿದ ತೆಳು ಹಾಳೆಯೊಂದನ್ನು ಒತ್ತಿ ತೆಗೆಯುತ್ತಾರೆ. ಕೊಳವೆಯನ್ನು ಕತ್ತರಿಸದೆಯೇ ಅದರ ಕಣಗಳ ಅಚ್ಚು ಹಾಳೆಯ ಮೇಲೆ ಮೂಡುತ್ತದೆ. ಅದರಲ್ಲಿ ಪೊಳ್ಳುಗಳು ಒಂಟಿಯಾಗಿವೆಯೋ, ಸಾಲುಗೂಡಿವೆಯೋ, ಬಿರುಕಾಗಿವೆಯೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇನ್ನೆಷ್ಟು ಕಾಲ ನಂಬಬಹುದೆಂದು ಹೇಳುತ್ತಾರೆ. ಹಳೆಯ ಶಾಸನದ ಮೇಲೆ ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆದವರಿಗೆ ಈ ಕೆಲಸದ ಬಗೆ ಕೂಡಲೇ ತಿಳಿಯುತ್ತದೆ. ಎರಡನೆಯದು ಎಣಿಸುವುದು. ಎಷ್ಟು ಗಂಟೆ ಓಡಿತು ಎಂಬುದನ್ನು ಮಾತ್ರವಲ್ಲ, ಎಷ್ಟು ಸಲ ತಣ್ಣಗಿನಿಂದ ಎದ್ದಿತು, ಎಷ್ಟು ಸಲ ಬೆಚ್ಚಗಿದ್ದಾಗ ಎದ್ದಿತು, ಪ್ರತಿಸಲ ಎಷ್ಟು ಬೇಗ ಕಾಯಿತು ಎಂಬುದನ್ನೂ ಪ್ರಾಮಾಣಿಕವಾಗಿ ಬರೆದಿಡುವುದು. ಗಂಟೆಯ ಲೆಕ್ಕ ತೆವಳಿಕೆಯದು, ಸಲದ ಲೆಕ್ಕ ದಣಿವಿನದು. ಒಂದನ್ನಿಟ್ಟು ಇನ್ನೊಂದನ್ನು ಬಿಟ್ಟರೆ ಯಂತ್ರದ ವಯಸ್ಸು ತಿಳಿಯದು. ಮೂರನೆಯದು ತಾಳ್ಮೆ. ನಿಮಿಷಕ್ಕೆ ಇಷ್ಟೇ ಡಿಗ್ರಿ ಏರಿಸಬೇಕೆಂಬ ಮಿತಿಯನ್ನು ಮೀರದಿರುವುದು.

ಈ ಮೂರರಲ್ಲಿ ಮೊದಲೆರಡಕ್ಕೆ ಉಪಕರಣಗಳಿವೆ, ಕಲಿತ ಜನರಿದ್ದಾರೆ. ಮೂರನೆಯದು ಕಷ್ಟದ್ದು. ರಾಯಚೂರಿನಲ್ಲಿ ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ನನ್ನ ಕೈಯಲ್ಲಿ ಪಂಪನನ್ನು ಓದಿದ ಹುಡುಗನೊಬ್ಬ ಮುಂದೆ ಇಂಥ ಕೇಂದ್ರವೊಂದರ ನಿಯಂತ್ರಣ ಕೊಠಡಿಗೆ ಸೇರಿದ. ಒಮ್ಮೆ ಭೇಟಿಯಾದಾಗ ಅವನು ಹೇಳಿದ: “ಸಾರ್, ಸಂಜೆ ಫೋನಿನಲ್ಲಿ ಕೇಳುವವರಿಗೆಲ್ಲ ಬೇಕಾಗಿರೋದು ಮೆಗಾವಾಟು. ಡಿಗ್ರಿ ಎಷ್ಟಾಯ್ತು ಅಂತ ಯಾರೂ ಕೇಳೋದಿಲ್ಲ.” ಅವನ ಮಾತಿನಲ್ಲಿ ದೂರಿಗಿಂತ ಹೆಚ್ಚಾಗಿ ಒಂದು ವಿವರಣೆಯಿತ್ತು. ಬೆಳಕು ಬೇಕಾದವರು ನಾವು. ಅದು ಅರ್ಧ ಗಂಟೆ ತಡವಾದರೆ ಗೊಣಗುವವರೂ ನಾವೇ. ಆ ಗೊಣಗಾಟ ತಂತಿಯ ಮೇಲೆ ಹಿಂದಕ್ಕೆ ಹರಿದು, ಕಡೆಗೆ ದಪ್ಪ ಕೊಳವೆಯೊಂದರ ಒಳಮೈಯ ಮೇಲೆ ಅವಸರವಾಗಿ ಎರಗುತ್ತದೆ.

ಬಿಸಿಲಿನ, ಗಾಳಿಯ ವಿದ್ಯುತ್ತು ಇನ್ನೂ ಹೆಚ್ಚಲಿ, ಹೆಚ್ಚಲೇಬೇಕು. ಅದು ನೆಲೆಗೊಳ್ಳುವವರೆಗೆ, ಸಂಜೆಯ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗಳೂ ಎತ್ತರದ ಜಲಾಶಯಗಳೂ ಸಾಕಷ್ಟು ಬರುವವರೆಗೆ, ಹಳೆಯ ಉಕ್ಕು ಏಳುತ್ತ ಮಲಗುತ್ತ ನಮಗಾಗಿ ದುಡಿಯಬೇಕು. ಅದಕ್ಕೆ ನಾವು ವಿಶ್ರಾಂತಿಯನ್ನು ಕೊಡಲಾರೆವು, ಕೊಟ್ಟರೂ ಪ್ರಯೋಜನವಿಲ್ಲ. ನಿಧಾನವಾಗಿ ಕಾಯಲು ಬೇಕಾದ ಹೊತ್ತನ್ನು ಕೊಡಬಹುದು, ಅದು ಉಂಡ ಪೆಟ್ಟುಗಳ ಲೆಕ್ಕವನ್ನು ಮುಚ್ಚಿಡದೆ ಬರೆಯಬಹುದು. ಲೆಕ್ಕ ತುಂಬಿತೆಂದು ಪರೀಕ್ಷಿಸಿದವರು ಹೇಳಿದ ದಿನ, ಇನ್ನೊಂದು ವರ್ಷ ಓಡಲಿ ಎನ್ನದೆ, ಆ ಕೊಳವೆಯನ್ನು ಕೆಳಗಿಳಿಸಬಹುದು.